ಅಪ್ಪ, ಅವ್ವನ ಜೊತೆ ಮ್ಯೂನಿಕ್‌ನಿಂದ ಬುಡಾಪೆಸ್ಟ್‌ಗೆ: ಹತ್ತು ದಿನ, ಐದು ನಗರ, ಒಂದು ವ್ಯಾನು

(ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಹೋಗಿ ಜರ್ಮನಿಯಲ್ಲಿ ನೆಲೆಸಿರುವ ಕೇಳುಗರೊಬ್ಬರು ನಮ್ಮ ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತಿನ ಬರಹ ರೂಪ ಇದು. ಆಡುಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತು ನಾನು ಯುರೋಪ್ ಪ್ರವಾಸದ ಬಗ್ಗೆ ಮಾತಾಡ್ತೀನಿ. ಆದ್ರೆ ಐಫೆಲ್ ಟವರ್ ಎದುರಿಗೆ ನಿಂತು ಫೋಟೋ ತೆಗೆಸಿಕೊಳ್ಳೋ ಪ್ರವಾಸ ಅಲ್ಲ. ಊರಿನಿಂದ ಮಕ್ಕಳ ಮನೆಗೆ ಬರೋ ವಯಸ್ಸಾದ ತಂದೆ ತಾಯಿಯನ್ನ ಕೂರಿಸಿಕೊಂಡು ಒಂದು ನಗರದಿಂದ ಇನ್ನೊಂದು ನಗರಕ್ಕೆ ರಸ್ತೆಯಲ್ಲಿ ಹೋಗೋದು ಹೇಗೆ, ಯಾಕೆ ಹೋಗಬೇಕು ಅನ್ನೋದು ಇವತ್ತಿನ ವಿಷಯ. ದಾವಣಗೆರೆ ಜಿಲ್ಲೆಯ ಎಷ್ಟೋ ಹಳ್ಳಿಗಳ ಮಕ್ಕಳು ಈಗ ಜರ್ಮನಿ, ನೆದರ್ಲೆಂಡ್ಸ್, ಐರ್ಲೆಂಡ್ ಕಡೆ ಇದ್ದಾರೆ. ಅವರ ಅಪ್ಪ, ಅವ್ವ ಒಂದಲ್ಲ ಒಂದು ಸಲ ಇಲ್ಲಿಗೆ ಬಂದೇ ಬರ್ತಾರೆ. ಅಂಥವರಿಗೆ ಉಪಯೋಗ ಆಗಲಿ ಅಂತ ಈ ಮಾತು.

ಮೊದಲು ಒಂದು ಕಷ್ಟ ಹೇಳ್ತೀನಿ. ಇದನ್ನ ಫೋನಿನಲ್ಲಿ ಯಾರೂ ಹೇಳಿಕೊಳ್ಳಲ್ಲ. ಊರಿನಲ್ಲಿ ಅಪ್ಪ ಅಂದ್ರೆ ಅಪ್ಪ. ಬೆಳಗ್ಗೆ ಎದ್ದು ಹೊಲಕ್ಕೆ ಹೋಗಿ ಬರ್ತಾರೆ, ಬಸ್ ಸ್ಟ್ಯಾಂಡಿನ ಹತ್ರ ಚಾ ಕುಡೀತಾರೆ, ಹತ್ತು ಜನ ಮಾತಾಡಿಸ್ತಾರೆ. ಅದೇ ಮನುಷ್ಯ ಮ್ಯೂನಿಕ್‌ಗೆ ಬಂದ್ರೆ ಎಲ್ಲದಕ್ಕೂ ಮಗನನ್ನೇ ಕೇಳಬೇಕು. ಬಾಗಿಲು ಎಳೆದುಕೊಂಡ್ರೆ ಲಾಕ್ ಆಗುತ್ತೆ, ಭಾಷೆ ಬರಲ್ಲ, ಭಾನುವಾರ ಅಂಗಡಿಗಳೂ ಮುಚ್ಚಿರ್ತವೆ. ನಾವು ಆಫೀಸಿಗೆ ಹೋಗ್ತೀವಿ, ಮಕ್ಕಳು ಸ್ಕೂಲಿಗೆ ಹೋಗ್ತಾರೆ. ಇಬ್ಬರು ಹಿರಿಯರು ಮೂರನೇ ಮಹಡಿಯ ಕಿಟಕಿ ಹತ್ರ ಕೂತು ರಸ್ತೆ ನೋಡ್ತಾ ಇರ್ತಾರೆ. ನಮ್ಮಪ್ಪ ಬಂದು ಹನ್ನೆರಡನೇ ದಿನಕ್ಕೇ ಕೇಳಿದ್ರು, "ಟಿಕೆಟ್ ಹಿಂದಕ್ಕೆ ಮಾಡ್ಸಕ್ ಬರ್ತೈತೇನಲೇ?"

ಇನ್ನೊಂದು ಕಡೆ ಮೊಮ್ಮಕ್ಕಳು. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಏಳು. ಕನ್ನಡ ಅರ್ಥ ಆಗುತ್ತೆ, ಉತ್ತರ ಮಾತ್ರ ಜರ್ಮನ್‌ನಲ್ಲಿ ಬರುತ್ತೆ. ಒಂದೇ ಮನೆಯಲ್ಲಿದ್ರೂ ಅಜ್ಜನಿಗೂ ಮೊಮ್ಮಗನಿಗೂ ಮಾತಾಡೋಕೆ ವಿಷಯವೇ ಇಲ್ಲ. ನಾನೂ ನನ್ನ ಹೆಂಡತಿಯೂ ಯೋಚನೆ ಮಾಡಿದ್ವಿ. ಪ್ಯಾಕೇಜ್ ಟೂರಿಗೆ ಕಳಿಸಿದ್ರೆ ಬಸ್ಸಿನ ವೇಗಕ್ಕೆ ಇವರು ಓಡಬೇಕು. ರೈಲಿನಲ್ಲಾದ್ರೆ ಅವ್ವನ ಮಂಡಿನೋವು, ಪ್ಲಾಟ್‌ಫಾರಂ ಬದಲಾವಣೆ, ಲಗೇಜು. ಆರು ಜನ ಒಂದೇ ಗಾಡಿಯಲ್ಲಿ ಹೋದ್ರೆ ಎಲ್ಲಿ ಬೇಕಾದ್ರೂ ನಿಲ್ಲಿಸಬಹುದು. ಹಾಗಾಗಿ 2025ರ ಆಗಸ್ಟ್‌ನಲ್ಲಿ ಮ್ಯೂನಿಕ್, ಸಾಲ್ಸ್‌ಬರ್ಗ್, ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್ ಅಂತ ದಾರಿ ಹಾಕಿದ್ವಿ.

ಕಾಗದ ಪತ್ರ ಮೊದಲು

ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ ನಾಲ್ಕೂ ಷೆಂಗೆನ್ ವಲಯದ ದೇಶಗಳು. ಒಂದು ಷೆಂಗೆನ್ ವೀಸಾ ಇದ್ರೆ ನಾಲ್ಕಕ್ಕೂ ಸಾಕು. ಯಾವ ದೇಶದಲ್ಲಿ ಹೆಚ್ಚು ದಿನ ಇರ್ತಾರೋ ಆ ದೇಶಕ್ಕೇ ಅರ್ಜಿ ಹಾಕಬೇಕು. 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರೋ ಹಾಗಿಲ್ಲ. ಬಂದ ದಿನ, ಹೋಗೋ ದಿನ ಎರಡೂ ಲೆಕ್ಕಕ್ಕೆ ಸೇರ್ತವೆ. ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ.

ಆರೋಗ್ಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು ಇರಲೇಬೇಕು ಅಂತ ನಿಯಮ ಇದೆ. ಇಲ್ಲಿ ಒಂದು ಮಾತು ಗಮನಿಸಿ. ಕಡಿಮೆ ಬೆಲೆಯ ಬಹಳಷ್ಟು ಪಾಲಿಸಿಗಳು ಮೊದಲಿಂದ ಇರೋ ಕಾಯಿಲೆಗೆ ಖರ್ಚು ಕೊಡಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಇರೋರಿಗೆ ಆ ಸಾಲನ್ನ ಓದಿಯೇ ಪಾಲಿಸಿ ತಗೊಳ್ಳಿ. ಮಾತ್ರೆಗಳನ್ನ ಡಾಕ್ಟರ ಚೀಟಿ ಜೊತೆಗೇ ತರಿಸಿ. ಗಾಡಿಯಲ್ಲಿ ಅವು ಕೈಗೆ ಸಿಗೋ ಚೀಲದಲ್ಲಿರಲಿ, ಡಿಕ್ಕಿಯ ತಳದಲ್ಲಿ ಬೇಡ. ಯುರೋಪಿನ ಯಾವ ದೇಶದಲ್ಲಿದ್ರೂ ತುರ್ತು ನಂಬರ್ ಒಂದೇ, 112. ಅಪ್ಪನ ಫೋನಿಗೂ ಅದನ್ನ ಹಾಕಿಕೊಟ್ಟಿದ್ದೆ.

ಊರಿನಿಂದ ಬುತ್ತಿ ತರೋರಿಗೆ ಒಂದು ಮಾತು. ಹೊರಗಿನ ದೇಶದಿಂದ ಮಾಂಸ, ಹಾಲಿನ ಪದಾರ್ಥ ತರೋದು ಇಲ್ಲಿ ನಿಷೇಧ. ಅಂದ್ರೆ ಮನೆಯ ತುಪ್ಪ, ಬೆಣ್ಣೆ, ಪೇಡ ಬರಂಗಿಲ್ಲ. ಹಸಿ ಕರಿಬೇವು, ಮಾವಿನಹಣ್ಣಿಗೆ ಪ್ರಮಾಣಪತ್ರ ಬೇಕು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮಂಡಕ್ಕಿ, ಇವಕ್ಕೆ ತೊಂದರೆ ಇಲ್ಲ. ಹತ್ತು ದಿನದ ದಾರಿಯಲ್ಲಿ ನಮ್ಮನ್ನ ಕಾಪಾಡಿದ್ದು ಇವೇ.

ಗಾಡಿ ಎಂಥದ್ದು?

ಏಳು ಸೀಟಿನ ಕಾರಿನಲ್ಲಿ ಮೂರನೇ ಸಾಲಿಗೂ ಜನ ಕೂತ್ರೆ ಲಗೇಜಿಗೆ ಜಾಗವೇ ಇರಲ್ಲ. ಅದಕ್ಕೆ ಒಂಬತ್ತು ಸೀಟಿನ ವ್ಯಾನ್ ಬಾಡಿಗೆಗೆ ತಗೊಂಡ್ವಿ. ಡ್ರೈವರ್ ಸೇರಿ ಒಂಬತ್ತು ಸೀಟು, ಮೂರೂವರೆ ಟನ್ ತನಕ ಜರ್ಮನಿಯಲ್ಲಿ ಕಾರಿನ ಲೈಸೆನ್ಸೇ ಸಾಕು. ಬಾಡಿಗೆ ಗಾಡಿ ಆದ್ರೆ ಯಾವ ಯಾವ ದೇಶಕ್ಕೆ ಒಯ್ತೀವಿ ಅಂತ ಮೊದಲೇ ಹೇಳಿ, ಕರಾರು ಪತ್ರದಲ್ಲಿ ಬರೆಸಿಕೊಳ್ಳಿ. ಮಕ್ಕಳಿಗೆ ಹನ್ನೆರಡು ವರ್ಷ ಆಗೋ ತನಕ, ಇಲ್ಲಾ 150 ಸೆಂಟಿಮೀಟರ್ ಎತ್ತರ ಬರೋ ತನಕ ಜರ್ಮನಿಯಲ್ಲಿ ಚೈಲ್ಡ್ ಸೀಟ್ ಕಡ್ಡಾಯ.

ವ್ಯಾನಿನ ಮೆಟ್ಟಿಲು ಎತ್ತರ. ಅವ್ವನಿಗೆ ಮಂಡಿ ಮಡಚೋದು ಕಷ್ಟ. ಅಡುಗೆಮನೆಯಲ್ಲಿದ್ದ ಒಂದು ಮರದ ಮಣೆ ಜೊತೆಗೆ ಬಂತು. ಹತ್ತೋಕೆ ಮಣೆ, ಇಳಿಯೋಕೆ ಮಣೆ. ಅದನ್ನ ಇಡೋದು, ತೆಗೆಯೋದು ಮಗನ ಕೆಲಸ. "ಅಜ್ಜಿ, ಬಾ" ಅನ್ನೋ ಎರಡು ಪದ ಅವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರೋಕೆ ಶುರು ಆಯ್ತು.

ಅಪ್ಪನಿಗೆ ಮುಂದಿನ ಸೀಟು. ಇಲ್ಲಿ ಸ್ಟೀರಿಂಗ್ ಎಡಕ್ಕೆ ಇರುತ್ತೆ, ಹಾಗಾಗಿ ನಮ್ಮೂರಲ್ಲಿ ಡ್ರೈವರ್ ಕೂರೋ ಜಾಗದಲ್ಲೇ ಅಪ್ಪ ಕೂತಿದ್ರು. ಕೈಯಲ್ಲಿ ಸ್ಟೀರಿಂಗ್ ಇಲ್ಲ, ಕಾಲು ಮಾತ್ರ ಬ್ರೇಕ್ ಹುಡುಕ್ತಾ ಇತ್ತು. 130ರಲ್ಲಿ ಹೋಗ್ತಿದ್ರೆ ಪಕ್ಕದಲ್ಲಿ ಇನ್ನೊಂದು ಕಾರು ನಾವು ನಿಂತೇ ಇದೀವೇನೋ ಅನ್ನೋ ಹಾಗೆ ದಾಟಿ ಹೋಗುತ್ತೆ. ಜರ್ಮನಿಯ ಆಟೋಬಾನ್‌ನಲ್ಲಿ ಕೆಲವು ಭಾಗಗಳಿಗೆ ವೇಗಮಿತಿ ಇಲ್ಲ, 130 ಅನ್ನೋದು ಬರೀ ಸಲಹೆ. ಗಡಿ ದಾಟಿದ ಮೇಲೆ ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ ಮೂರರಲ್ಲೂ ಹೆದ್ದಾರಿಗೆ 130ರ ಮಿತಿ ಇದೆ.

ಟೋಲ್ ಬಗ್ಗೆ ಹೇಳಲೇಬೇಕು. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಉಳಿದ ಮೂರು ದೇಶಗಳಲ್ಲಿ ನಮ್ಮ ಫಾಸ್ಟ್ಯಾಗ್ ಥರ ಗೇಟ್ ಗೇಟಿಗೂ ಕಟ್ ಆಗಲ್ಲ. ಇಷ್ಟು ದಿನಕ್ಕೆ ಇಷ್ಟು ಅಂತ ವಿನ್ಯೆಟ್ ಕೊಂಡ್ರೆ ಆಯ್ತು. ಗಾಡಿ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ಕೊಳ್ಳಬಹುದು. ಆಸ್ಟ್ರಿಯಾದಲ್ಲಿ 10 ದಿನದ್ದು 2025ರಲ್ಲಿ 12.40 ಯೂರೋ. ನಮ್ಮ ಪ್ರವಾಸವನ್ನೂ ಸರಿಯಾಗಿ ಹತ್ತು ದಿನಕ್ಕೇ ಕೂರಿಸಿದ್ವಿ, ಹೋಗೋಕೂ ಬರೋಕೂ ಅದೊಂದೇ ಸಾಕಾಯ್ತು. ಹಂಗೇರಿಯಲ್ಲಿ ಏಳು ಸೀಟಿನ ತನಕ ಒಂದು ದರ್ಜೆ, ಅದಕ್ಕಿಂತ ಹೆಚ್ಚು ಸೀಟಿದ್ರೆ ಡಿ-2 ಅನ್ನೋ ಬೇರೆ ದರ್ಜೆ. ಒಂಬತ್ತು ಸೀಟಿನ ವ್ಯಾನಿಗೆ ಡಿ-2ನೇ ಬೇಕು. ಗಾಡಿಯಲ್ಲಿ ಎಷ್ಟು ಜನ ಕೂತಿದ್ದಾರೆ ಅನ್ನೋದು ಮುಖ್ಯ ಅಲ್ಲ, ಸೀಟು ಎಷ್ಟಿವೆ ಅನ್ನೋದು ಮುಖ್ಯ.

ಕಿಲೋಮೀಟರ್ ಲೆಕ್ಕ ಬಿಡಿ

ದೂರ ಅಂತ ನೋಡಿದ್ರೆ ಇದು ದೊಡ್ಡ ದಾರಿ ಅಲ್ಲ. ಮ್ಯೂನಿಕ್‌ನಿಂದ ಸಾಲ್ಸ್‌ಬರ್ಗ್‌ಗೆ 145 ಕಿಲೋಮೀಟರ್, ಹತ್ರ ಹತ್ರ ದಾವಣಗೆರೆಯಿಂದ ಹುಬ್ಬಳ್ಳಿಗೆ ಹೋದಷ್ಟು. ಅಲ್ಲಿಂದ ವಿಯೆನ್ನಾ 300. ವಿಯೆನ್ನಾದಿಂದ ಬ್ರಾಟಿಸ್ಲಾವಾ 80, ನಾವು ಶಿವಮೊಗ್ಗಕ್ಕೆ ಹೋಗಿ ಬಂದ ಹಾಗೆ. ಎರಡು ದೇಶಗಳ ರಾಜಧಾನಿಗಳು ಇಷ್ಟು ಹತ್ತಿರ ಇವೆ. ಅಲ್ಲಿಂದ ಬುಡಾಪೆಸ್ಟ್ 200. ಹೋಗಿ ಬರೋಕೆ ಒಟ್ಟು ಸುಮಾರು 1,450 ಕಿಲೋಮೀಟರ್, 120 ಲೀಟರ್ ಹತ್ರ ಡೀಸೆಲ್.

ಆದ್ರೆ ಹಿರಿಯರು ಜೊತೆಗಿದ್ರೆ ಲೆಕ್ಕ ಹಾಕಬೇಕಾದ್ದು ಕಿಲೋಮೀಟರ್ ಅಲ್ಲ, ನಿಲುಗಡೆ. ಒಂದೂವರೆ ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮ ಗಾಡಿ ಓಡಿಸಲ್ಲ ಅಂತ ಮೊದಲೇ ನಿರ್ಧಾರ ಮಾಡಿದ್ವಿ. ಸಾಲ್ಸ್‌ಬರ್ಗ್‌ನಲ್ಲಿ ಎರಡು ರಾತ್ರಿ, ವಿಯೆನ್ನಾದಲ್ಲಿ ಮೂರು, ಬುಡಾಪೆಸ್ಟ್‌ನಲ್ಲಿ ಮೂರು, ಬರುವಾಗ ಲಿನ್ಸ್‌ನಲ್ಲಿ ಒಂದು. ಬ್ರಾಟಿಸ್ಲಾವಾದಲ್ಲಿ ಅರ್ಧ ದಿನ ಮಾತ್ರ. ಪ್ರಾಗ್ ನಕ್ಷೆಯಲ್ಲಿ ಹತ್ತಿರ ಕಾಣುತ್ತೆ, ಆದ್ರೆ ಬೇಕು ಅಂತಲೇ ಬಿಟ್ವಿ. ದಿನಕ್ಕೆ ಒಂದು ಜಾಗ ನೋಡಿದ್ರೆ ಸಾಕು, ಮಧ್ಯಾಹ್ನ ಎರಡು ಗಂಟೆ ಮಲಗಬೇಕು ಅನ್ನೋದು ಅಪ್ಪ ಹಾಕಿದ ಷರತ್ತು. ಅದನ್ನ ಪಾಲಿಸಿದ್ದಕ್ಕೇ ಹತ್ತನೇ ದಿನದ ತನಕ ಯಾರಿಗೂ ಸುಸ್ತಾಗಲಿಲ್ಲ.

ಹೆದ್ದಾರಿ ಪಕ್ಕದ ಶೌಚಾಲಯದ ಬಗ್ಗೆ ಹಿರಿಯರು ಬಾಯಿಬಿಟ್ಟು ಕೇಳಲ್ಲ, ನಾವೇ ನೋಡಿಕೊಳ್ಳಬೇಕು. ಜರ್ಮನಿಯಲ್ಲಿ ಪೆಟ್ರೋಲ್ ಬಂಕ್ ಇರೋ ದೊಡ್ಡ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಒಂದು ಯೂರೋ ಹಾಕಿದ್ರೆ ಗೇಟ್ ತೆಗೆಯುತ್ತೆ. ಬರೀ "ಪಿ" ಅನ್ನೋ ಫಲಕದ ಜೊತೆ "ಡಬ್ಲ್ಯೂಸಿ" ಅಂತ ಇದ್ದ ಸಣ್ಣ ನಿಲ್ದಾಣಗಳಲ್ಲಿ ದುಡ್ಡು ಕೊಡಬೇಕಾಗಿಲ್ಲ. ಅಲ್ಲೇ ಮರದ ಮೇಜು, ಬೆಂಚು ಇರ್ತವೆ. ನಮ್ಮ ಊಟ ಎಲ್ಲ ಅಂಥ ಕಡೆಗಳಲ್ಲೇ ಆಯ್ತು. ಅವ್ವ ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ ಹಂಚ್ತಾ ಇದ್ರು. ಮನೆಯಲ್ಲಿ ಮೈಕ್ರೊವೇವ್ ಗುಂಡಿ ಒತ್ತೋಕೂ ಹಿಂಜರೀತಿದ್ದ ಅವ್ವ, ಈ ಬೆಂಚಿನ ಮೇಲೆ ಮತ್ತೆ ಮನೆಯ ಯಜಮಾನಿ ಆದ್ರು.

ಇನ್ನೊಂದು ನಿಯಮ ಎಲ್ಲರೂ ತಿಳಿದಿರಬೇಕು. ಟ್ರಾಫಿಕ್ ನಿಂತ ತಕ್ಷಣ ಎಡಗಡೆ ಸಾಲಿನ ಗಾಡಿಗಳು ಇನ್ನೂ ಎಡಕ್ಕೆ, ಉಳಿದವು ಬಲಕ್ಕೆ ಸರಿದು ಮಧ್ಯೆ ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಆಂಬುಲೆನ್ಸ್ ಬಂದ ಮೇಲಲ್ಲ, ಅದಕ್ಕಿಂತ ಮೊದಲೇ. ಜರ್ಮನಿಯಲ್ಲಿ ಬಿಡದಿದ್ರೆ ಕನಿಷ್ಠ 200 ಯೂರೋ ದಂಡ. ಲಿನ್ಸ್ ಹತ್ರ ಟ್ರಾಫಿಕ್ ನಿಂತಾಗ ಇದನ್ನ ನೋಡಿ ಅಪ್ಪ, "ದ್ಯಾವ್ರ ಪಲ್ಲಕ್ಕಿಗೆ ದಾರಿ ಬಿಟ್ಟಂಗ್ ಬಿಡ್ತಾರಲ್ಲೋ" ಅಂದ್ರು.

ಸಾಲ್ಸ್‌ಬರ್ಗ್‌ನಲ್ಲಿ ಓಬವ್ವ

ಸಾಲ್ಸ್‌ಬರ್ಗ್ ಅಂದ್ರೆ ಎಲ್ಲರೂ ಮೊಜಾರ್ಟ್ ಅಂತಾರೆ. ಅವನು ಹುಟ್ಟಿದ ಮನೆ ಪೇಟೆಯ ಮಧ್ಯೆ ಇದೆ, 1756ರಲ್ಲಿ ಹುಟ್ಟಿದ್ದು. ನಾವು ಹೊರಗಿನಿಂದಲೇ ನೋಡಿದ್ವಿ. ಅವ್ವನ ಕಣ್ಣು ಬಿದ್ದದ್ದು ಗುಡ್ಡದ ಮೇಲಿನ ಕೋಟೆ ಮೇಲೆ. 1077ರಲ್ಲಿ ಕಟ್ಟೋಕೆ ಶುರು ಮಾಡಿದ ಕೋಟೆ ಅದು. ಹತ್ತೋಕೆ ಹಳಿ ಮೇಲೆ ಓಡೋ ಸಣ್ಣ ಗಾಡಿ ಇದೆ, 1892ರಿಂದಲೂ ಇದೆ. ಹಾಗಾಗಿ ಮಂಡಿನೋವು ಇರೋರೂ ಮೇಲೆ ಹೋಗಬಹುದು.

ಮೇಲೆ ಗೋಡೆಯ ಕಿಂಡಿ ನೋಡಿದ್ದೇ ತಡ, ಅವ್ವ ಮೊಮ್ಮಕ್ಕಳನ್ನ ಹತ್ರ ಕೂರಿಸಿಕೊಂಡು ಚಿತ್ರದುರ್ಗದ ಕೋಟೆಯ ಕಥೆ ತೆಗೆದ್ರು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬಂದದ್ದು, ನೀರಿಗೆ ಹೋಗಿದ್ದ ಓಬವ್ವ ಒನಕೆ ಹಿಡಿದು ನಿಂತದ್ದು. ಮಗ ಕೇಳಿದ, "ಒನಕೆ ಅಂದ್ರೆ?" ಅವ್ವ ಎದ್ದು ನಿಂತು ಕುಟ್ಟಿ ತೋರಿಸಿದ್ರು. ನಮ್ಮ ಮನೆಯಲ್ಲಿ ಓಬವ್ವನ ಚಿತ್ರಪುಸ್ತಕ ಎರಡು ವರ್ಷದಿಂದ ಇತ್ತು, ಮಕ್ಕಳು ತೆಗೆದು ನೋಡಿರಲಿಲ್ಲ. ಆವತ್ತು ಗಾಡಿ ಹತ್ತಿದ ಮೇಲೆ ಮಗಳು ಕನ್ನಡದಲ್ಲೇ ಕೇಳಿದ್ಲು, "ಅಜ್ಜಿ, ಆಮೇಲೆ ಅವಳ ಗಂಡ ಏನ್ ಮಾಡ್ದ?" ವಿಯೆನ್ನಾ ತನಕ ಇದೇ ಮಾತು.

ವಿಯೆನ್ನಾದಲ್ಲಿ ಮನೆ ಬಾಡಿಗೆಗೆ ಹಿಡಿಯೋರು ಎರಡು ವಿಷಯ ಕೇಳಿಕೊಳ್ಳಿ. ಹಳೇ ಕಟ್ಟಡಗಳಲ್ಲಿ ನೆಲಮಹಡಿ ಆದ ಮೇಲೆ ಬೇರೆ ಹೆಸರಿನ ಅರ್ಧ ಮಹಡಿಗಳು ಇರ್ತವೆ. ಅವರು ಒಂದನೇ ಮಹಡಿ ಅಂದ್ರೆ ನಮ್ಮ ಲೆಕ್ಕಕ್ಕೆ ಎರಡು, ಕೆಲವು ಕಡೆ ಮೂರು. ಲಿಫ್ಟ್ ಇದೆಯಾ, ಲಿಫ್ಟಿನ ತನಕ ಎಷ್ಟು ಮೆಟ್ಟಿಲು ಅಂತ ಕೇಳಿ. ಎರಡನೇದು ಪಾರ್ಕಿಂಗ್. 2022ರ ಮಾರ್ಚ್‌ನಿಂದ ಹೆಚ್ಚೂ ಕಡಿಮೆ ಇಡೀ ನಗರದಲ್ಲಿ ರಸ್ತೆ ಪಾರ್ಕಿಂಗ್‌ಗೆ ಅಲ್ಪಾವಧಿಯ ನಿಯಮ ಇದೆ. ಊರ ಅಂಚಿನ ಪಾರ್ಕ್ ಅಂಡ್ ರೈಡ್‌ನಲ್ಲಿ ಗಾಡಿ ಬಿಟ್ಟು ಮೆಟ್ರೊ ಹಿಡಿಯೋದು ಸುಲಭ. ವ್ಯಾನ್ ಆದ್ರೆ ಗ್ಯಾರೇಜಿನ ಎತ್ತರದ ಮಿತಿಯನ್ನೂ ನೋಡಿಕೊಳ್ಳಿ.

ಗೆರೆ ಎಲ್ಲೈತೆ?

ವಿಯೆನ್ನಾದಿಂದ ಪೂರ್ವಕ್ಕೆ ಹೊರಟ್ರೆ ನೆಲ ಬಯಲಾಗುತ್ತೆ. ಪಾರ್ನ್‌ಡೋರ್ಫ್ ಅನ್ನೋ ಕಡೆ ರಸ್ತೆಯ ಆಚೆ ಈಚೆ ಗಾಳಿಯಂತ್ರಗಳು ಕಣ್ಣು ಹಾಯಿಸಿದಷ್ಟು ದೂರ ನಿಂತಿವೆ. ಚಿತ್ರದುರ್ಗದ ಗುಡ್ಡಗಳ ಮೇಲೆ ನೋಡಿದವರಿಗೆ ಅವು ಹೊಸದಲ್ಲ. ಅಪ್ಪ ಸೀಟಿನಲ್ಲಿ ಸ್ವಲ್ಪ ಮುಂದಕ್ಕೆ ಬಂದು ಕೂತ್ರು.

ಸ್ಲೊವಾಕಿಯಾದ ಗಡಿ ಬಂತು ಅಂದೆ. "ಎಲ್ಲೈತೆ?" ಅಂದ್ರು. ಆಗಲೇ ದಾಟಿ ಬಂದಿದ್ವಿ. ನೀಲಿ ಫಲಕ ಒಂದು, ವೇಗಮಿತಿ ಹೇಳೋ ಬೋರ್ಡ್ ಒಂದು, ಅಷ್ಟೇ. 1989ರ ತನಕ ಇದೇ ಜಾಗದಲ್ಲಿ ಮುಳ್ಳುತಂತಿ, ಕಾವಲು ಗೋಪುರ ಇದ್ದವು, ದಾಟೋಕೆ ಹೋದವರಿಗೆ ಗುಂಡು ಹೊಡೀತಿದ್ರು ಅಂತ ಹೇಳಿದೆ. ಇಲ್ಲಿಂದ ದಕ್ಷಿಣಕ್ಕೆ ಷೊಪ್ರೊನ್ ಅನ್ನೋ ಹಂಗೇರಿಯ ಊರಿದೆ. 1989ರ ಆಗಸ್ಟ್ 19ರಂದು ಅದರ ಹತ್ರ ಪಿಕ್ನಿಕ್ ಅಂತ ಜನ ಸೇರಿಸಿ ಗಡಿಯ ಗೇಟ್ ತೆಗೆದ್ರು, ಪೂರ್ವ ಜರ್ಮನಿಯ 600ಕ್ಕೂ ಹೆಚ್ಚು ಜನ ಆಸ್ಟ್ರಿಯಾಕ್ಕೆ ಓಡಿ ದಾಟಿದ್ರು. ಬರ್ಲಿನ್ ಗೋಡೆ ಬಿದ್ದದ್ದು ಅದಾದ ಮೂರು ತಿಂಗಳೊಳಗೆ. ಗಡಿ ತಪಾಸಣೆ ತೆಗೆಯೋ ಒಪ್ಪಂದ ಆಗಿದ್ದು 1985ರಲ್ಲಿ, ಲಕ್ಸೆಂಬರ್ಗ್‌ನ ಷೆಂಗೆನ್ ಅನ್ನೋ ಹಳ್ಳಿಯಲ್ಲಿ. ಸ್ಲೊವಾಕಿಯಾ, ಹಂಗೇರಿ ಅದಕ್ಕೆ ಸೇರಿದ್ದು 2007ರ ಡಿಸೆಂಬರ್‌ನಲ್ಲಿ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು, "ನಮ್ ತಾತನ ಕಾಲಕ್ಕೆ ಹರಪನಹಳ್ಳಿ ಬ್ಯಾರೆ ರಾಜ್ಯ ಆಗಿತ್ತು." ನಿಜ. ಜಗಳೂರು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಪಕ್ಕದ ಹರಪನಹಳ್ಳಿ, ಕೂಡ್ಲಿಗಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಆಮೇಲೆ 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಜಗಳೂರು, ಹರಪನಹಳ್ಳಿ ಎರಡೂ ಇದರೊಳಗೆ ಬಂದ್ವು. 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಯ್ತು, ಈಗ ವಿಜಯನಗರ ಜಿಲ್ಲೆ. "ಗೆರೆ ಎಷ್ಟ್ ಸಲ ಎಳದ್ರೂ ನಾವು ಹೆಣ್ಣು ತರೋದು, ಕೊಡೋದು ಬಿಟ್ವೇನು?" ಅಂದ್ರು ಅಪ್ಪ. ಮಗಳು ಗೂಗಲ್ ಮ್ಯಾಪ್ ತೆಗೆದು ಬಿಳಿಚೋಡು ಎಲ್ಲಿದೆ, ಹರಪನಹಳ್ಳಿ ಎಲ್ಲಿದೆ ಅಂತ ಹುಡುಕೋಕೆ ಶುರು ಮಾಡಿದ್ಲು.

ಮೆಕ್ಕೆಜೋಳ, ಡ್ಯಾನ್ಯೂಬ್

ಹಂಗೇರಿಯ ಎಂ-1 ಹೆದ್ದಾರಿಯಲ್ಲಿ ಹೋಗ್ತಿದ್ದಾಗ ಅಪ್ಪ ಒಂದೇ ಸಮ, "ನಿಲ್ಸು, ನಿಲ್ಸು" ಅಂದ್ರು. ಹೆದ್ದಾರಿಯಲ್ಲಿ ಎಲ್ಲಂದ್ರಲ್ಲಿ ನಿಲ್ಲಿಸೋ ಹಾಗಿಲ್ಲ. ಮುಂದಿನ ನಿಲ್ದಾಣದಲ್ಲಿ ನಿಲ್ಲಿಸಿದ್ವಿ. ಬೇಲಿಯ ಆಚೆ ಆಳೆತ್ತರದ ಮೆಕ್ಕೆಜೋಳ, ಪಕ್ಕದಲ್ಲಿ ಸೂರ್ಯಕಾಂತಿ. ನಮ್ಮ ಕಡೆ ಯಾವ ಹೊಲ ನೋಡಿದ್ರೂ ಅದೇ ಬೆಳೆ. ಅಪ್ಪ ಬೇಲಿ ಹತ್ರ ನಿಂತು ಮೊಮ್ಮಗನಿಗೆ ಗರಿ ಯಾವುದು, ಸೂಲಂಗಿ ಯಾವುದು, ತೆನೆ ಕಟ್ಟಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ ಅಂತ ಹೇಳಿದ್ರು. ಎಲೆ ಕೆಳಗಿಂದ ಒಣಗಿದೆ, ಇವರಿಗೂ ಮಳೆ ಕೈಕೊಟ್ಟಿರಬೇಕು ಅಂದ್ರು. 2022ರಲ್ಲಿ ಹಂಗೇರಿಗೂ ದೊಡ್ಡ ಬರ ಬಂದು ಮೆಕ್ಕೆಜೋಳ ನೆಲಕಚ್ಚಿತ್ತು ಅಂತ ನಾನು ಹೇಳಿದೆ. "ಹಂಗಾರೆ ಇವ್ರೂ ನಮ್ಮಂಗೇ" ಅಂದ್ರು. ಮ್ಯೂನಿಕ್‌ಗೆ ಬಂದಮೇಲೆ ಅಪ್ಪ ನನಗೆ ಏನನ್ನಾದ್ರೂ ತಿಳಿಸಿಕೊಟ್ಟ ಮೊದಲ ದಿನ ಅದು. ಅಲ್ಲಿ ತನಕ ಎಲ್ಲವನ್ನೂ ನಾನೇ ಅವರಿಗೆ ತಿಳಿಸ್ತಿದ್ದೆ.

ಬುಡಾಪೆಸ್ಟ್‌ನಲ್ಲಿ ನದಿ ದಂಡೆಯಲ್ಲೇ ಹೆಚ್ಚು ಹೊತ್ತು ಕಳೆದ್ವಿ. ನದಿಯ ಆಚೆ ಬುಡಾ, ಈಚೆ ಪೆಸ್ಟ್. ಹಳೆ ಬುಡಾ ಅಂತ ಇನ್ನೊಂದೂ ಸೇರಿ 1873ರಲ್ಲಿ ಒಂದೇ ನಗರ ಆಯ್ತು. ಅಪ್ಪನಿಗೆ ನೀರಿನದ್ದೇ ಯೋಚನೆ. ಡ್ಯಾನ್ಯೂಬ್‌ನಲ್ಲಿ ಇಲ್ಲಿ ಸರಾಸರಿ ಸೆಕೆಂಡಿಗೆ 2,300 ಘನ ಮೀಟರ್ ಆಸುಪಾಸು ನೀರು ಹರಿಯುತ್ತೆ. ನಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು 7 ಟಿಎಂಸಿ. ಭದ್ರಾ ಮೇಲ್ದಂಡೆ ಯೋಜನೆಗೆ ಇಡೀ ವರ್ಷಕ್ಕೆ ಹಂಚಿಕೆ ಆಗಿರೋದು 29.9 ಟಿಎಂಸಿ. ಲೆಕ್ಕ ಕೇಳಿ ಅಪ್ಪ ನಗಲಿಲ್ಲ. "ನಾಲ್ಕೈದು ದಿನದ ನೀರಿಗೆ ನಾವು ಎಷ್ಟ್ ವರ್ಷದಿಂದ ಕಾಯ್ತಾ ಇದೀವಿ ನೋಡು" ಅಂದ್ರು.

ಪಾರ್ಲಿಮೆಂಟ್ ಕಟ್ಟಡದ ಹತ್ರ ದಂಡೆಯ ಮೇಲೆ ಕಬ್ಬಿಣದಲ್ಲಿ ಮಾಡಿದ 60 ಜೊತೆ ಜೋಡುಗಳಿವೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಯಹೂದಿಗಳನ್ನ ಇಲ್ಲಿ ನಿಲ್ಲಿಸಿ, ಜೋಡು ಬಿಡಿಸಿ, ಗುಂಡು ಹೊಡೆದು ನದಿಗೆ ತಳ್ಳಿದ್ರು. ಅವರ ನೆನಪಿಗೆ 2005ರಲ್ಲಿ ಇಟ್ಟದ್ದು. ಮಕ್ಕಳ ಜೋಡೂ ಇವೆ. ಅವ್ವ ಅದನ್ನ ನೋಡಿ ಮೊಮ್ಮಗನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು. ಆವತ್ತು ಬೇರೆ ಯಾವ ಜಾಗಕ್ಕೂ ಹೋಗೋದು ಬೇಡ ಅಂದ್ರು, ಹೋಗಲಿಲ್ಲ.

ಊಟದ ವಿಷಯ. ಲಾಂಗೋಷ್ ಅಂತ ಸಿಗುತ್ತೆ, ದೊಡ್ಡ ಪೂರಿ ಅಂದ್ಕೊಳ್ಳಿ. ಬೆಳ್ಳುಳ್ಳಿ ನೀರು ಸವರಿದ್ದು ಮಾತ್ರ ಸಾಕು ಅಂದ್ರೆ ಹಾಗೇ ಕೊಡ್ತಾರೆ. ಮೇಲೆ ಶೇಂಗಾ ಪುಡಿ ಹಾಕ್ಕೊಂಡು ತಿಂದ್ವಿ. ಹಂಗೇರಿಯಲ್ಲಿ ಯೂರೋ ಅಲ್ಲ, ಫೊರಿಂಟ್. ಕಾರ್ಡ್ ಹಾಕಿದಾಗ ಮಿಷನ್ ಯಾವ ಹಣದಲ್ಲಿ ಕಟ್ ಮಾಡಲಿ ಅಂತ ಕೇಳಿದ್ರೆ ಫೊರಿಂಟ್ ಅಂತಲೇ ಒತ್ತಿ, ಬದಲಾವಣೆ ದರದಲ್ಲಿ ನಷ್ಟ ಆಗಲ್ಲ.

ಮರಳುವಾಗ

ಹೋಗುವಾಗ ಕಾಣದ ಗಡಿ ಬರುವಾಗ ಕಾಣುತ್ತೆ. ಹಂಗೇರಿಯಿಂದ ಆಸ್ಟ್ರಿಯಾಕ್ಕೆ, ಆಸ್ಟ್ರಿಯಾದಿಂದ ಜರ್ಮನಿಗೆ ಬರೋ ಕಡೆ ವಲಸೆಯ ಕಾರಣಕ್ಕೆ 2015ರಿಂದ ತಾತ್ಕಾಲಿಕ ಅಂತ ಶುರುವಾದ ತಪಾಸಣೆ 2025ರಲ್ಲೂ ನಡೀತಿತ್ತು. ಎಲ್ಲರ ಪಾಸ್‌ಪೋರ್ಟ್, ನಮ್ಮ ವಾಸದ ಕಾರ್ಡ್ ಕೈಗೆ ಸಿಗೋ ಹಾಗಿರಲಿ. ನಮ್ಮನ್ನ ನಿಲ್ಲಿಸಿದ್ರು, ವೀಸಾ ನೋಡಿದ್ರು, ಎರಡು ನಿಮಿಷದಲ್ಲಿ ಬಿಟ್ರು. ಪೊಲೀಸ್ ಹುಡುಗಿ ಅಪ್ಪನನ್ನ ಎಲ್ಲಿಂದ ಬಂದ್ರಿ ಅಂತ ಕೇಳಿದ್ಲು. ನಾನು ಬಾಯಿ ತೆರೆಯೋ ಮೊದಲೇ ಹಿಂದಿನ ಸೀಟಿನಿಂದ ಮಗ ಜರ್ಮನ್‌ನಲ್ಲಿ ಹೇಳಿದ, ನಮ್ಮಜ್ಜ ಬಿಳಿಚೋಡಿನವರು, ಅವರ ಹೊಲದಲ್ಲಿ ಮೆಕ್ಕೆಜೋಳ ಇದೆ ಅಂತ.

ಕೊನೆಗೆ ಒಂದೇ ಮಾತು. ಅಪ್ಪ, ಅವ್ವ ಬರೋದು 90 ದಿನಕ್ಕೆ. ಮಂಡಿ, ಸಕ್ಕರೆ, ಟಿಕೆಟ್ ಎಲ್ಲ ನೋಡಿದ್ರೆ ಎರಡನೇ ಸಲ ಬರ್ತಾರೋ ಇಲ್ಲವೋ. ಅವರಿಗೆ ಯುರೋಪ್ ಪೂರ್ತಿ ತೋರಿಸೋಕೆ ಹೋಗಬೇಡಿ. ಹತ್ತು ದಿನ ರಜೆ ಹಾಕಿ, ಎರಡು ಮೂರು ಊರು ಸಾಕು, ಮಧ್ಯಾಹ್ನದ ನಿದ್ದೆಗೆ ಜಾಗ ಬಿಟ್ಟು ದಾರಿ ಹಾಕಿ. ಗಾಡಿಯಲ್ಲಿ ಫೋನು ಕಡಿಮೆ ಇರಲಿ, ಮುಂದಿನ ಸೀಟು ಅವರಿಗಿರಲಿ. ಅವರು ನಿಲ್ಲಿಸು ಅಂದಾಗ, ಜಾಗ ನೋಡಿಕೊಂಡು ನಿಲ್ಲಿಸಿ. ಬೇಸಿಗೆ ಪ್ರವಾಸಕ್ಕೆ ವೀಸಾ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲೇ ಶುರು ಮಾಡಿದ್ರೆ ಗಡಿಬಿಡಿ ಇರಲ್ಲ.